ದೇಶ ಶ್ರೀಮಂತವಾದರೆ ಜನರ ಆರೋಗ್ಯ ತಾನಾಗಿಯೇ ಸುಧಾರಿಸುತ್ತದಾ?

ಕೇಳಿ_ತಿಳಿ
ಮೊನ್ನೆ ನಮ್ಮ ಭಾವನ ಜೊತೆ ದೊಡ್ಡ ವಾದವೇ ಆಯಿತು. ಬಡ ದೇಶವೊಂದು ಮೊದಲು ಯಾವುದಕ್ಕೆ ಕೈ ಹಾಕಬೇಕು ಅನ್ನುವುದು ವಿಷಯ. ಭಾವ ಹೇಳಿದ್ದು ಇಷ್ಟು: "ಮೊದಲು ಕಾರ್ಖಾನೆ ಬರಲಿ, ರಸ್ತೆ ಬರಲಿ, ಕೆಲಸ ಸಿಗಲಿ. ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಆಸ್ಪತ್ರೆ ತಾನಾಗಿಯೇ ಬರುತ್ತದೆ. ಬೊಕ್ಕಸ ಖಾಲಿ ಇಟ್ಟುಕೊಂಡು ಆರೋಗ್ಯ ಅಂತ ಮಾತಾಡಿ ಏನು ಪ್ರಯೋಜನ?"

ನನಗೆ ಅದು ಸರಿ ಅನ್ನಿಸಲಿಲ್ಲ. ಕಾಯಿಲೆ ಬಿದ್ದವನು ಕಾರ್ಖಾನೆಗೆ ಹೋಗುವುದು ಹೇಗೆ ಅಂದೆ. ಆದರೆ ಅದಕ್ಕಿಂತ ಮುಂದೆ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಭಾವ ಓದಿಕೊಂಡವರು, ಉದಾಹರಣೆ ಕೊಟ್ಟು ಮಾತಾಡುತ್ತಾರೆ.

ಇಲ್ಲಿ ಗೊತ್ತಿರುವವರು ಹೇಳಿ. ಯಾವುದು ಮೊದಲು? ದುಡ್ಡಾ, ಆರೋಗ್ಯವಾ? ಗೆಲ್ಲೋಕೆ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕಾಗಿದೆ.

ಅಂಕಿ_ಮೇಷ್ಟ್ರು
ಒಳ್ಳೇ ಪ್ರಶ್ನೆ. ಇದನ್ನು ಲೆಕ್ಕ ಹಾಕಿ ನೋಡಿದವರು ಸ್ಯಾಮ್ಯುಯೆಲ್ ಪ್ರೆಸ್ಟನ್ ಅನ್ನುವ ಜನಸಂಖ್ಯಾ ತಜ್ಞ. 1975ರಲ್ಲಿ ಅವರು ಒಂದು ನಕ್ಷೆ ಮುಂದಿಟ್ಟರು. ಅಡ್ಡ ಗೆರೆಯಲ್ಲಿ ದೇಶದ ತಲಾ ಆದಾಯ, ಉದ್ದ ಗೆರೆಯಲ್ಲಿ ಜನರ ಸರಾಸರಿ ಆಯಸ್ಸು. ಒಂದೊಂದು ದೇಶವೂ ಒಂದೊಂದು ಚುಕ್ಕೆ.

ಚುಕ್ಕೆಗಳನ್ನು ಸೇರಿಸಿದರೆ ಒಂದು ಬಾಗಿದ ಗೆರೆ ಬರುತ್ತದೆ. ತೀರಾ ಬಡ ದೇಶಗಳ ಕಡೆ ಗೆರೆ ಕಡಿದಾಗಿ ಏರುತ್ತದೆ. ಅಲ್ಲಿ ಸ್ವಲ್ಪ ಆದಾಯ ಹೆಚ್ಚಾದರೂ ಆಯಸ್ಸು ಜಾಸ್ತಿ ಆಗುತ್ತದೆ. ಆಮೇಲೆ ಗೆರೆ ಚಪ್ಪಟೆ. ಇಲ್ಲಿಯವರೆಗೆ ನಿಮ್ಮ ಭಾವನ ಮಾತು ಸರಿ.

ಆದರೆ ಪ್ರೆಸ್ಟನ್ ಇನ್ನೊಂದು ಕೆಲಸ ಮಾಡಿದರು. 1930ರ ದಶಕದ ನಕ್ಷೆಯನ್ನೂ 1960ರ ದಶಕದ ನಕ್ಷೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಇಡೀ ಗೆರೆಯೇ ಮೇಲಕ್ಕೆ ಹೋಗಿತ್ತು. ಅಂದರೆ, ಅದೇ ಆದಾಯ ಇರುವ ದೇಶದಲ್ಲಿ 30 ವರ್ಷ ಬಿಟ್ಟು ಜನ ಜಾಸ್ತಿ ಕಾಲ ಬದುಕುತ್ತಿದ್ದರು. ಆ ಅವಧಿಯಲ್ಲಿ ಆಯಸ್ಸಿನಲ್ಲಿ ಆದ ಏರಿಕೆಗೆ ಆದಾಯ ಹೆಚ್ಚಿದ್ದು ಕಾರಣವಾಗಿದ್ದು ಶೇ. 10ರಿಂದ 25 ಮಾತ್ರ ಅಂತ ಅವರ ಲೆಕ್ಕ. ಉಳಿದದ್ದೆಲ್ಲ ಬೇರೆ ಕಡೆಯಿಂದ ಬಂದದ್ದು. ಲಸಿಕೆ, ಸೊಳ್ಳೆ ನಿಯಂತ್ರಣ, ರೋಗ ಹೇಗೆ ಹರಡುತ್ತದೆ ಅನ್ನುವ ತಿಳಿವಳಿಕೆ, ಇಂಥವು.

ನೇರ_ಮಾತು
ಮೇಷ್ಟ್ರೇ, ಅರ್ಧ ಮಾತ್ರ ಹೇಳಿದಿರಿ. 1996ರಲ್ಲಿ ಲ್ಯಾಂಟ್ ಪ್ರಿಚೆಟ್ ಮತ್ತು ಲ್ಯಾರಿ ಸಮ್ಮರ್ಸ್ ಅನ್ನುವ ಅರ್ಥಶಾಸ್ತ್ರಜ್ಞರು ಇದೇ ವಿಷಯದ ಮೇಲೆ ಬರೆದಿದ್ದಾರೆ. 1980ರ ದಶಕದಲ್ಲಿ ಬಡ ದೇಶಗಳ ಆರ್ಥಿಕತೆ ಕುಂಟಿತು. ಅದು ಕುಂಟದೇ ಇದ್ದಿದ್ದರೆ 1990 ಒಂದೇ ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ಸಾವು ತಪ್ಪುತ್ತಿತ್ತು ಅನ್ನುವುದು ಅವರ ಲೆಕ್ಕ.

ಬೆಳವಣಿಗೆ ಬೇಡ ಅನ್ನುವವರು ಆ ಐದು ಲಕ್ಷ ಮಕ್ಕಳಿಗೆ ಉತ್ತರ ಹೇಳಬೇಕು. ಭಾವ ಸರಿಯಾಗಿಯೇ ಹೇಳಿದ್ದಾರೆ.

ಅಂಕಿ_ಮೇಷ್ಟ್ರು
ಬೆಳವಣಿಗೆ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ ಸರ್. "ತಾನಾಗಿಯೇ" ಅನ್ನುವ ಪದದ ಬಗ್ಗೆ ತಾನೇ ಪ್ರಶ್ನೆ?

ಹಳೇ_ಸಿಸ್ಟರ್
ನಾನು 34 ವರ್ಷ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಿಯಾದವಳು. ನಕ್ಷೆ, ಗೆರೆ ನನಗೆ ಅಷ್ಟು ಗೊತ್ತಿಲ್ಲ. ಕಂಡಿದ್ದು ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳ ವಾರ್ಡಿನಲ್ಲಿ ದಡಾರದ ಮಕ್ಕಳು ಒಂದೊಂದು ಮಂಚಕ್ಕೆ ಇಬ್ಬರು. ದಡಾರ ಹೋದ ಮೇಲೆ ನ್ಯುಮೋನಿಯಾ ಹಿಡಿಯುತ್ತಿತ್ತು, ಇಲ್ಲ ಭೇದಿ ಹಿಡಿಯುತ್ತಿತ್ತು. ಬೆಳಿಗ್ಗೆ ಡ್ಯೂಟಿಗೆ ಬಂದಾಗ ಖಾಲಿ ಮಂಚ ಕಂಡರೆ, ಮಗು ಮನೆಗೆ ಹೋಯಿತಾ ಅಂತ ಕೇಳೋಕೆ ಭಯ.

ನಿವೃತ್ತಿಯ ಹೊತ್ತಿಗೆ ನನ್ನ ಜೊತೆಗಿದ್ದ ಚಿಕ್ಕ ನರ್ಸ್‌ಗಳಲ್ಲಿ ಕೆಲವರು ದಡಾರದ ಮಗುವನ್ನೇ ನೋಡಿರಲಿಲ್ಲ. ಆ ಮಕ್ಕಳ ಅಪ್ಪ ಅಮ್ಮಂದಿರು ಶ್ರೀಮಂತರಾಗಿಬಿಟ್ಟಿದ್ದರಾ? ಇಲ್ಲ. ಅದೇ ಕೂಲಿ, ಅದೇ ಸಾಲ. ಲಸಿಕೆ ಮನೆ ಬಾಗಿಲಿಗೆ ಬಂದಿತ್ತು, ಅಷ್ಟೇ ವ್ಯತ್ಯಾಸ.

ರಾತ್ರಿ_ಪಾಳಿ
ಸಿಸ್ಟರ್, ಓದಿ ಕಣ್ಣು ತುಂಬಿತು. ಇನ್ನೂ ಬರೆಯಿರಿ.

ನಕ್ಷೆ_ಓದುಗ
ಕೇಳಿ_ತಿಳಿ ಅವರೇ, ನಿಮ್ಮ ಭಾವನಿಗೆ ಎರಡು ದೇಶ ತೋರಿಸಿ.

ಒಂದು ಈಕ್ವಟೋರಿಯಲ್ ಗಿನಿ. 1990ರ ದಶಕದಲ್ಲಿ ಅಲ್ಲಿ ತೈಲ ಸಿಕ್ಕಿತು. ತಲಾ ಆದಾಯ ಆಫ್ರಿಕಾದಲ್ಲೇ ಮೇಲಿನ ಸಾಲಿಗೆ ಹೋಯಿತು. ಭಾವ ಹೇಳಿದಂತೆ ಆಗಿದ್ದರೆ ಅಲ್ಲಿನ ಮಕ್ಕಳು ಇವತ್ತು ಗಟ್ಟಿಮುಟ್ಟಾಗಿ ಇರಬೇಕಿತ್ತು. ಆದರೆ ಮಕ್ಕಳ ಲಸಿಕೆಯಲ್ಲಿ ಆ ದೇಶ ಜಗತ್ತಿನಲ್ಲೇ ತೀರಾ ಹಿಂದುಳಿದ ಸಾಲಿನಲ್ಲಿದೆ. ತೈಲದ ದುಡ್ಡು ಆಳುವವರ ಸುತ್ತಲೇ ಸುತ್ತಿತು.

ಇನ್ನೊಂದು ಶ್ರೀಲಂಕಾ. 1934-35ರಲ್ಲಿ ಮಲೇರಿಯಾ ಬಂದು ಸುಮಾರು 80 ಸಾವಿರ ಜನ ಸತ್ತರು. ಅದಕ್ಕೂ ಮೊದಲೇ, 1931ರಲ್ಲಿ, ಅಲ್ಲಿ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಸಿಕ್ಕಿತ್ತು. ಮತ ಇರುವ ಹಳ್ಳಿಯವರ ಸಾವನ್ನು ಸರ್ಕಾರ ಸುಮ್ನೆ ನೋಡುತ್ತಾ ಕೂರೋಕೆ ಆಗಲಿಲ್ಲ. ಹಳ್ಳಿಗಳಿಗೆ ಚಿಕಿತ್ಸಾ ಕೇಂದ್ರ ಬಂತು, ಸೂಲಗಿತ್ತಿಯರಿಗೆ ತರಬೇತಿ ಬಂತು. ಆಗ ಶ್ರೀಲಂಕಾ ಏನು ಶ್ರೀಮಂತ ದೇಶವೇ? ಅಲ್ಲ.

ನೇರ_ಮಾತು
ಶ್ರೀಲಂಕಾ ಚಿಕ್ಕ ದ್ವೀಪ. ಅಲ್ಲಿ ಆಗಿದ್ದು ದೊಡ್ಡ ದೇಶದಲ್ಲಿ ಆಗುವುದಿಲ್ಲ. ಇನ್ನು ಯಾರಾದರೂ ಕೇರಳದ ಹೆಸರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಕೇರಳ ಗಲ್ಫ್ ದುಡ್ಡಿನಿಂದ ಸುಧಾರಿಸಿತು. ಅದೂ ದುಡ್ಡೇ.

ಅಂಕಿ_ಮೇಷ್ಟ್ರು
ಇಲ್ಲಿ ತಿದ್ದಲೇಬೇಕು. ಗಲ್ಫ್‌ಗೆ ದೊಡ್ಡ ಪ್ರಮಾಣದಲ್ಲಿ ಜನ ಹೋಗಿದ್ದು 1970ರ ದಶಕದ ನಡುವಿನಿಂದ. ಅದಕ್ಕೂ ಮೊದಲಿನ 1971ರ ಅಂಕಿ ನೋಡಿ. ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲು ಸಾಯುತ್ತಿದ್ದವರು ಇಡೀ ಭಾರತದಲ್ಲಿ 129, ಕೇರಳದಲ್ಲಿ 58. ಆಗ ಕೇರಳದ ತಲಾ ಆದಾಯ ದೇಶದ ಸರಾಸರಿಗಿಂತ ಕಡಿಮೆ ಇತ್ತು. ಅಂದರೆ ಆರೋಗ್ಯ ಮೊದಲು ಬಂತು, ಗಲ್ಫ್ ದುಡ್ಡು ಆಮೇಲೆ.

2020ರ ಅಂಕಿಯಲ್ಲಿ ಕೇರಳ 6, ಮಧ್ಯಪ್ರದೇಶ 43. ಒಂದೇ ದೇಶ, ಒಂದೇ ನೋಟು, ಒಂದೇ ಕೇಂದ್ರ ಸರ್ಕಾರ.

ನೇರ_ಮಾತು
1971ರ ಅಂಕಿ ನನಗೆ ಗೊತ್ತಿರಲಿಲ್ಲ. ಗಲ್ಫ್ ವಿಷಯ ಹಿಂದಕ್ಕೆ ತಗೊಳ್ಳುತ್ತೇನೆ. ಆದರೆ ದೊಡ್ಡ ದೇಶದ ಪ್ರಶ್ನೆ ಹಾಗೇ ಇದೆ.

ಇತಿಹಾಸ_ಪ್ರೇಮಿ
ದೊಡ್ಡ ದೇಶ ಬೇಕಾ? ಚೀನಾ ತಗೊಳ್ಳಿ. ಎರಡು ಕಡೆಯವರಿಗೂ ಅದರಲ್ಲಿ ಪಾಠ ಇದೆ.

ಚೀನಾ ಬಡವಾಗಿದ್ದ ಕಾಲದಲ್ಲೇ ಹಳ್ಳಿ ಹಳ್ಳಿಗೆ "ಬರಿಗಾಲ ವೈದ್ಯರು" ಇದ್ದರು. ರೈತರ ಮಕ್ಕಳನ್ನೇ ಆರಿಸಿ, ಕೆಲವು ತಿಂಗಳು ಕಲಿಸಿ ವಾಪಸ್ ಕಳಿಸುತ್ತಿದ್ದರು. ಲಸಿಕೆ ಹಾಕುವುದು, ಹೆರಿಗೆ ನೋಡುವುದು, ಕುಡಿಯುವ ನೀರು ಶುದ್ಧ ಇದೆಯಾ ನೋಡುವುದು ಅವರ ಕೆಲಸ. ಶೇ. 90ರಷ್ಟು ಹಳ್ಳಿಗಳಲ್ಲಿ ಸಹಕಾರಿ ವೈದ್ಯಕೀಯ ವ್ಯವಸ್ಥೆ ಇತ್ತು.

1978ರ ನಂತರ ಆರ್ಥಿಕ ಸುಧಾರಣೆ ಬಂತು. ಆದಾಯ ಜಗತ್ತೇ ಬೆರಗಾಗುವಂತೆ ಏರಿತು. ಆದರೆ ಸಾಮೂಹಿಕ ಕೃಷಿ ಹೋಯಿತು, ಅದರ ದುಡ್ಡಿನಲ್ಲಿ ನಡೆಯುತ್ತಿದ್ದ ಹಳ್ಳಿ ವೈದ್ಯಕೀಯವೂ ಅದರ ಜೊತೆ ಹೋಯಿತು. 1980ರ ದಶಕದ ನಡುವಿನ ಹೊತ್ತಿಗೆ ಅದು ಶೇ. 10ಕ್ಕಿಂತ ಕಡಿಮೆ ಹಳ್ಳಿಗಳಲ್ಲಿ ಉಳಿದಿತ್ತು. ಆಸ್ಪತ್ರೆ ಖರ್ಚು ಜನರ ತಲೆ ಮೇಲೆ ಬಂತು. ದೇಶ ಅಷ್ಟು ವೇಗವಾಗಿ ಬೆಳೆಯುತ್ತಿದ್ದರೂ ಆಯಸ್ಸು ಏರುವ ವೇಗ ತಗ್ಗಿತು. ಕೊನೆಗೆ 2003ರಲ್ಲಿ ಸಾರ್ಸ್ ಅನ್ನುವ ಉಸಿರಾಟದ ಸಾಂಕ್ರಾಮಿಕ ರೋಗ ಬಂದು ಬೆಚ್ಚಿಬೀಳಿಸಿದಾಗ ಸರ್ಕಾರ ಹಳ್ಳಿಗಳಿಗೆ ಹೊಸ ವಿಮೆ ಯೋಜನೆ ಶುರು ಮಾಡಿತು.

ನನ್ನ ಓದಿನ ಪ್ರಕಾರ, ದುಡ್ಡು ಬಂದ ಮೇಲೆ ಆರೋಗ್ಯ ಬರಲೂಬಹುದು, ಇದ್ದ ಆರೋಗ್ಯ ಹಿಂದೆ ಬೀಳಲೂಬಹುದು. ಯಾರು ಆ ದುಡ್ಡನ್ನು ಎತ್ತಿ ಎಲ್ಲಿ ಹಾಕಿದರು ಅನ್ನುವುದರ ಮೇಲೆ ನಿಂತಿದೆ.

ಹೊಸಬ_22
ಆ ಬರಿಗಾಲ ವೈದ್ಯರ ಕಾಲದಲ್ಲೇ ಅಲ್ಲಿ ಬರಗಾಲದಲ್ಲಿ ಕೋಟಿಗಟ್ಟಲೆ ಜನ ಸತ್ತಿಲ್ಲವಾ? ಅದನ್ನೂ ಹೇಳಿ.

ಇತಿಹಾಸ_ಪ್ರೇಮಿ
ಹೌದು, ಹೇಳಲೇಬೇಕು. 1959ರಿಂದ 61ರ ಬರಗಾಲ. ಸರ್ಕಾರದ ತಪ್ಪು ನೀತಿಯಿಂದಲೇ ಆಗಿದ್ದು. ಬರಿಗಾಲ ವೈದ್ಯರ ಯೋಜನೆ ದೇಶದ ತುಂಬ ಹರಡಿದ್ದು ಅದರ ನಂತರ, 1960ರ ದಶಕದ ಕೊನೆಯಲ್ಲಿ. ಆ ಆಡಳಿತವನ್ನು ನಾನು ಹೊಗಳುತ್ತಿಲ್ಲ. ಸುಳ್ಳು ವರದಿ ಕೊಟ್ಟರೂ ಪ್ರಶ್ನೆ ಕೇಳುವವರಿಲ್ಲದ ಕಡೆ ಹಾಗೆ ಆಗುತ್ತದೆ ಅಂತ ಅಮರ್ತ್ಯ ಸೆನ್ ಬಹಳ ಹಿಂದೆಯೇ ಹೇಳಿದ್ದಾರೆ.

ನೀರು_ಇಂಜಿನಿಯರ್
ಎಲ್ಲರೂ ಆಸ್ಪತ್ರೆ, ವೈದ್ಯರು ಅಂತಲೇ ಮಾತಾಡುತ್ತಿದ್ದೀರಿ. ಚರಂಡಿ ಬಗ್ಗೆ ಒಬ್ಬರೂ ಎತ್ತಿಲ್ಲ.

ಇಂಗ್ಲೆಂಡ್ ಕೂಡ ಒಂದು ಕಾಲದಲ್ಲಿ ಬೆಳೆಯುತ್ತಿದ್ದ ದೇಶವೇ. ಮ್ಯಾಂಚೆಸ್ಟರ್ ಆಗ ಜಗತ್ತಿಗೇ ಬಟ್ಟೆ ಕೊಡುತ್ತಿತ್ತು. ಅಷ್ಟು ಗಿರಣಿ, ಅಷ್ಟು ದುಡ್ಡು. 1842ರಲ್ಲಿ ಎಡ್ವಿನ್ ಚಾಡ್ವಿಕ್ ಅನ್ನುವ ಅಧಿಕಾರಿ ಒಂದು ವರದಿ ಕೊಟ್ಟರು. ಮ್ಯಾಂಚೆಸ್ಟರ್‌ನ ಕೂಲಿಕಾರ ಕುಟುಂಬಗಳ ಸರಾಸರಿ ಆಯಸ್ಸು 17 ವರ್ಷ. ರಟ್‌ಲ್ಯಾಂಡ್ ಅನ್ನುವ ಹಳ್ಳಿಗಾಡಿನಲ್ಲಿ ಕೂಲಿಕಾರರದ್ದು 38. ಮ್ಯಾಂಚೆಸ್ಟರ್‌ನ ದೊಡ್ಡ ಮನುಷ್ಯರದ್ದೂ 38! ಅಂದರೆ ನಗರದ ಸಾಹುಕಾರ ಹಳ್ಳಿಯ ಕೂಲಿಯವನಷ್ಟೇ ಬದುಕುತ್ತಿದ್ದ. ಕೊಳಕು ನೀರು ಯಾರನ್ನೂ ಬಿಡಲಿಲ್ಲ.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಒಳಗೇ ಬಂತು. ಅಲ್ಲಿಯವರೆಗೆ ವರ್ಷಗಟ್ಟಲೆ ಚರ್ಚೆ ಮಾಡುತ್ತಿದ್ದವರು ಕೆಲವೇ ವಾರದಲ್ಲಿ ದುಡ್ಡು ಮಂಜೂರು ಮಾಡಿದರು. ಜೋಸೆಫ್ ಬಜಾಲ್‌ಗೆಟ್ ಅನ್ನುವ ಇಂಜಿನಿಯರ್ ಒಳಚರಂಡಿ ಕಟ್ಟಿದರು. 1866ರಲ್ಲಿ ಮತ್ತೆ ಕಾಲರಾ ಬಂದಾಗ ಜಾಸ್ತಿ ಸತ್ತಿದ್ದು ಲಂಡನ್ನಿನ ಪೂರ್ವ ಭಾಗದವರು. ಅಲ್ಲಿ ಮಾತ್ರ ಹೊಸ ಚರಂಡಿ ಕೆಲಸ ಇನ್ನೂ ಮುಗಿದಿರಲಿಲ್ಲ.

ನಾನು ಇಡೀ ವೃತ್ತಿ ಜೀವನ ನೆಲದಡಿಯ ಪೈಪುಗಳ ಜೊತೆ ಕಳೆದವನು. ಒಳ್ಳೇ ಚರಂಡಿ ಯಾರ ಕಣ್ಣಿಗೂ ಕಾಣುವುದಿಲ್ಲ. ಉದ್ಘಾಟನೆಗೆ ಯಾರೂ ಬರುವುದಿಲ್ಲ. ಅದಕ್ಕೇ ಅದಕ್ಕೆ ದುಡ್ಡು ಸಿಗುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಅಂಕಿ_ಮೇಷ್ಟ್ರು
ಇಂಜಿನಿಯರ್ ಸಾಹೇಬರೇ, ಸಣ್ಣ ತಿದ್ದುಪಡಿ. ಚಾಡ್ವಿಕ್ ಕೊಟ್ಟಿದ್ದು ಸತ್ತವರ ಸರಾಸರಿ ವಯಸ್ಸು. ಅದನ್ನೇ ಆಯಸ್ಸು ಅನ್ನೋಕೆ ಬರುವುದಿಲ್ಲ. ಮಕ್ಕಳು ಜಾಸ್ತಿ ಇರುವ ಊರಿನಲ್ಲಿ ಸಾಯುವವರಲ್ಲೂ ಮಕ್ಕಳೇ ಜಾಸ್ತಿ, ಹಾಗಾಗಿ ಸರಾಸರಿ ಇನ್ನೂ ಕೆಳಗೆ ಬೀಳುತ್ತದೆ. ಆದರೆ ನಗರ ಹಳ್ಳಿಗಿಂತ ಮಾರಕವಾಗಿತ್ತು ಅನ್ನುವುದರಲ್ಲಿ ಅನುಮಾನ ಇಲ್ಲ.

ನೀರು_ಇಂಜಿನಿಯರ್
ಒಪ್ಪಿದೆ ಮೇಷ್ಟ್ರೇ. ಇನ್ನು ಮೇಲೆ ಹಾಗೇ ಹೇಳುತ್ತೇನೆ.

ರಾತ್ರಿ_ಪಾಳಿ
ಔಷಧ ಬಂದ ಮೇಲೆ ತಾನೇ ಟಿಬಿ ಹೋಗಿದ್ದು? ಔಷಧ ಕಂಡುಹಿಡಿಯೋಕೆ ದುಡ್ಡು ಬೇಕು ತಾನೇ?

ಇತಿಹಾಸ_ಪ್ರೇಮಿ
ಬ್ರಿಟನ್ನಿನಲ್ಲಿ ಟಿಬಿ ಸಾವು ಬಹುಪಾಲು ಇಳಿದಿದ್ದು ಔಷಧ ಬರುವ ಮೊದಲೇ. ಟಿಬಿಯ ಔಷಧ ಸ್ಟ್ರೆಪ್ಟೊಮೈಸಿನ್ ಬಂದಿದ್ದು 1940ರ ದಶಕದಲ್ಲಿ. ಥಾಮಸ್ ಮೆಕ್‌ಕಿಯೋನ್ ಅನ್ನುವ ವೈದ್ಯರು ಇದನ್ನೇ ಹಿಡಿದು, ಜನ ಹೊಟ್ಟೆ ತುಂಬ ಊಟ ಮಾಡಿದ್ದೇ ಕಾರಣ ಅಂದರು. ಆಮೇಲೆ ಸೈಮನ್ ಸ್ರೇಟರ್ ಅನ್ನುವ ಇತಿಹಾಸಕಾರರು ಅದಕ್ಕೆ ಉತ್ತರ ಕೊಟ್ಟರು. ಊಟದ ಪಾತ್ರ ಇದೆ, ಆದರೆ ನಗರಸಭೆಗಳು ನೀರು, ಚರಂಡಿ, ವಸತಿಗೆ ಹಾಕಿದ ಕೆಲಸ ಬಿಟ್ಟು ಲೆಕ್ಕ ಹಾಕಬೇಡಿ ಅಂದರು. ಆ ವಾದ ಇನ್ನೂ ಪೂರ್ತಿ ಮುಗಿದಿಲ್ಲ.

ಹಾಗಂತ ಇವತ್ತಿನ ಟಿಬಿ ರೋಗಿ ಔಷಧ ಬಿಡಬಾರದು. ದಯವಿಟ್ಟು ಯಾರೂ ಹಾಗೆ ಅರ್ಥ ಮಾಡಿಕೊಳ್ಳಬೇಡಿ.

ಮನೆಮನೆ_ಭೇಟಿ
ನಾನು ಆಶಾ ಕಾರ್ಯಕರ್ತೆ. ಇಲ್ಲಿ ಬರೆಯಲೋ ಬೇಡವೋ ಅಂತ ಯೋಚನೆ ಮಾಡುತ್ತಿದ್ದೆ. ಸಿಸ್ಟರ್ ಬರೆದಿದ್ದು ನೋಡಿ ಧೈರ್ಯ ಬಂತು.

ಆಶಾ ಯೋಜನೆ ಶುರುವಾಗಿದ್ದು 2005ರಲ್ಲಿ. ಆ ಹೊತ್ತಿಗೆ ಭಾರತದಲ್ಲಿ ಆಸ್ಪತ್ರೆಯಲ್ಲಿ ಹೆರಿಗೆ ಆಗುತ್ತಿದ್ದದ್ದು ಶೇ. 39ರಷ್ಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ಶೇ. 89ರ ಹತ್ತಿರ ಇದೆ. ಇದರ ಹಿಂದೆ ದೇಶದ ಬೆಳವಣಿಗೆಯೂ ಇದೆ, ಇಲ್ಲ ಅನ್ನುವುದಿಲ್ಲ. ರಸ್ತೆ ಇಲ್ಲದೆ ಆಂಬುಲೆನ್ಸ್ ಹೇಗೆ ಬರುತ್ತದೆ? ಆದರೆ ರಾತ್ರಿ ಎರಡು ಗಂಟೆಗೆ ಆ ಆಂಬುಲೆನ್ಸಿಗೆ ಫೋನ್ ಮಾಡಿ, ಗರ್ಭಿಣಿಯ ಕೈ ಹಿಡಿದುಕೊಂಡು ಜೊತೆಗೆ ಹೋಗುವವಳು ಒಬ್ಬಳು ಬೇಕು. ಅವಳಿಗೆ ನಿಗದಿ ಸಂಬಳ ಇಲ್ಲ, ಪ್ರೋತ್ಸಾಹಧನ, ಗೌರವಧನ ಅಂತ ಕೊಡುತ್ತಾರೆ. ಜಿಡಿಪಿ ಏರಿದೆ ಅಂತ ಟಿವಿಯಲ್ಲಿ ಬಂದಾಗ ನಾನು ಅದನ್ನು ನೆನೆಸಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಅದೇ ಸಮೀಕ್ಷೆಯಲ್ಲಿ ಐದು ವರ್ಷದ ಒಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ. 67. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 59ರ ಹತ್ತಿರ ಇತ್ತು. ದೇಶ ಬೆಳೆದ ವರ್ಷಗಳಲ್ಲೇ ಇದು ಏರಿದೆ. ನಾನು ಹೋಗುವ ಮನೆಗಳಲ್ಲಿ ಮಕ್ಕಳ ಕಣ್ಣಿನ ರೆಪ್ಪೆ ಇಳಿಸಿ ನೋಡಿದರೆ ಬಿಳುಚಿಕೊಂಡಿರುತ್ತದೆ. ಮನೆಯಲ್ಲಿ ಟಿವಿ ಇರುತ್ತದೆ, ಬೈಕ್ ಇರುತ್ತದೆ.

ಹಳೇ_ಸಿಸ್ಟರ್
ತಂಗಿ, ಬರೆದಿದ್ದು ಒಳ್ಳೇದಾಯಿತು. ನಿಮ್ಮಂಥವರು ಕರೆದುಕೊಂಡು ಬರದೇ ಇದ್ದಿದ್ದರೆ ನಮ್ಮ ಹೆರಿಗೆ ವಾರ್ಡಿಗೆ ಅರ್ಧ ಜನ ಬರುತ್ತಲೇ ಇರಲಿಲ್ಲ.

ನೇರ_ಮಾತು
ಸಮೀಕ್ಷೆಯಲ್ಲಿ ಒಳ್ಳೇದೂ ಇದೆಯಲ್ಲ. ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳು 2005-06ರಲ್ಲಿ ಶೇ. 48 ಇದ್ದರು. 2019-21ರಲ್ಲಿ ಶೇ. 35.5. ಜನ ಸ್ವಂತ ಕೈಯಿಂದ ಕಟ್ಟುವ ಆಸ್ಪತ್ರೆ ಖರ್ಚಿನ ಪಾಲು 2013-14ರಲ್ಲಿ ಶೇ. 64 ಇತ್ತು, 2021-22ಕ್ಕೆ ಶೇ. 39ಕ್ಕೆ ಇಳಿದಿದೆ. ಬೆಳವಣಿಗೆ ಇಲ್ಲದೆ ಇದೆಲ್ಲ ಆಗುತ್ತಿತ್ತಾ?

ನಕ್ಷೆ_ಓದುಗ
ಇಳಿದಿದ್ದು ಸಂತೋಷವೇ. ಆದರೆ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಸರ್ಕಾರ ಜಿಡಿಪಿಯ ಶೇ. 2.5 ಆರೋಗ್ಯಕ್ಕೆ ಕೊಡಬೇಕು ಅಂತ ಬರೆದುಕೊಂಡಿದ್ದರು, ಗಡುವು 2025 ಆಗಿತ್ತು. ಕೊರೊನಾ ಕಾಲದ 2021-22ರಲ್ಲೂ ಅದು ಶೇ. 1.84 ಮಾತ್ರ. ನೂರು ರೂಪಾಯಿಯಲ್ಲಿ ಎರಡು ರೂಪಾಯಿಯೂ ಅಲ್ಲ. ದುಡ್ಡು ಬಂದಾಗಲೂ ಆರೋಗ್ಯದ ಸರದಿ ಕೊನೆಗೇ ಬರುವುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹೊಸಬ_22
ಉಲ್ಟಾ ದಾರಿ ಬಗ್ಗೆ ಯಾರೂ ಹೇಳಲಿಲ್ಲ. ಆರೋಗ್ಯದಿಂದ ದುಡ್ಡು ಬರುತ್ತದಾ? ಮೂಲ ಪ್ರಶ್ನೆಯಲ್ಲಿ ಅದೂ ಇತ್ತಲ್ಲ.

ಅಂಕಿ_ಮೇಷ್ಟ್ರು
ಬರುತ್ತದೆ. ನನಗೆ ತುಂಬ ಇಷ್ಟವಾದ ಉದಾಹರಣೆ ಕೊಕ್ಕೆಹುಳುವಿನದು.

ನೂರು ವರ್ಷದ ಹಿಂದೆ ಅಮೆರಿಕದ ದಕ್ಷಿಣದ ರಾಜ್ಯಗಳು ಬಡವಾಗಿದ್ದವು. ಅಲ್ಲಿನ ಶಾಲೆ ಮಕ್ಕಳಲ್ಲಿ ಸುಮಾರು ಶೇ. 40 ಮಕ್ಕಳ ಹೊಟ್ಟೆಯಲ್ಲಿ ಕೊಕ್ಕೆಹುಳು. ಬರಿಗಾಲಲ್ಲಿ ಓಡಾಡುವಾಗ ಪಾದದ ಚರ್ಮದ ಮೂಲಕ ಒಳಗೆ ಹೋಗಿ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಮಗು ಸಾಯುವುದಿಲ್ಲ. ಆದರೆ ಸದಾ ಸುಸ್ತು, ತರಗತಿಯಲ್ಲಿ ತೂಕಡಿಕೆ. ಆ ಜನ ಸೋಮಾರಿಗಳು ಅಂತ ಉಳಿದವರು ಹೀಯಾಳಿಸುತ್ತಿದ್ದರು.

1910ರ ಹೊತ್ತಿಗೆ, ಸಾಹುಕಾರ ರಾಕ್‌ಫೆಲ್ಲರ್ ದುಡ್ಡಿನಲ್ಲಿ ನಡೆದ ಆಯೋಗದವರು ಔಷಧ ಹಂಚಿದರು, ಶೌಚಾಲಯ ಕಟ್ಟೋಕೆ ಹೇಳಿಕೊಟ್ಟರು. ಎಷ್ಟೋ ವರ್ಷದ ನಂತರ ಹೋಯ್ಟ್ ಬ್ಲೀಕ್ಲಿ ಅನ್ನುವ ಅರ್ಥಶಾಸ್ತ್ರಜ್ಞ ಹಳೇ ಜನಗಣತಿ ತೆಗೆದು ನೋಡಿದರು. ಹುಳುವಿನ ಕಾಟ ಎಲ್ಲಿ ಜಾಸ್ತಿ ಇತ್ತೋ ಅಲ್ಲೇ ಮಕ್ಕಳು ಶಾಲೆಗೆ ಹೋಗುವುದು ಜಾಸ್ತಿ ಏರಿತ್ತು. ಆ ಮಕ್ಕಳು ದೊಡ್ಡವರಾದಾಗ ಅವರ ಗಳಿಕೆಯೂ ಏರಿತ್ತು.

ನಾನು ಶಾಲೆ ಮೇಷ್ಟ್ರು. ಕೊನೇ ಬೆಂಚಿನಲ್ಲಿ ತೂಕಡಿಸುವ ಹುಡುಗನನ್ನು ಬೈದ ದಿನಗಳಿವೆ. ಇದನ್ನು ಓದಿದ ಮೇಲೆ ಮೊದಲು ಅವನ ಉಗುರು, ನಾಲಿಗೆ ನೋಡುತ್ತೇನೆ.

ನಕ್ಷೆ_ಓದುಗ
ಕಾಯಿಲೆ ಬಂದರೆ ದುಡ್ಡು ಹೋಗುತ್ತದೆ ಅನ್ನುವುದಕ್ಕೆ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ನೋಡಿ. 2013ರಲ್ಲಿ ಅದರ ಆರ್ಥಿಕತೆ ಶೇ. 20ರಷ್ಟು ಬೆಳೆಯಿತು. ಕಬ್ಬಿಣದ ಅದಿರಿನ ದುಡ್ಡು. ಮುಂದಿನ ವರ್ಷವೇ ಎಬೋಲಾ ಬಂತು. 2015ರಲ್ಲಿ ಆರ್ಥಿಕತೆ ಶೇ. 20ರಷ್ಟು ಕುಸಿಯಿತು. ಅದಿರಿನ ಬೆಲೆ ಬಿದ್ದಿದ್ದೂ ಒಂದು ಕಾರಣ. ಆದರೆ ವೈದ್ಯರೂ ಸಾಲದ, ಕೈಗವಸೂ ಸಾಲದ ಆಸ್ಪತ್ರೆಗಳಲ್ಲಿ ಎಷ್ಟೋ ನರ್ಸ್‌ಗಳೂ ಸತ್ತರು. ಅಂಥ ಕಡೆ ಶೇ. 20ರ ಬೆಳವಣಿಗೆ ಯಾರನ್ನು ಕಾಪಾಡಿತು?

ಆ_ಭಾವ
ನಮಸ್ಕಾರ. ಮೇಲೆ ಹೇಳಿದ ಭಾವ ನಾನೇ. ಭಾಮೈದ ಲಿಂಕ್ ಕಳಿಸಿದ. ಪೂರ್ತಿ ಓದಿದೆ.

ಈಕ್ವಟೋರಿಯಲ್ ಗಿನಿ ವಿಷಯ ಒಪ್ಪುತ್ತೇನೆ. ಚೀನಾದ ಹಳ್ಳಿ ವೈದ್ಯಕೀಯ ಬಿದ್ದುಹೋಗಿದ್ದು ನನಗೆ ಗೊತ್ತಿರಲಿಲ್ಲ. "ತಾನಾಗಿಯೇ ಬರುತ್ತದೆ" ಅಂದಿದ್ದು ತಪ್ಪು.

ಆದರೆ ನನ್ನ ಪ್ರಶ್ನೆ ಇನ್ನೂ ನಿಂತಿದೆ. ನನ್ನ ತಂದೆಯ ಕಾಲದಲ್ಲಿ ಸರ್ಕಾರಿ ಆಸ್ಪತ್ರೆ ಇತ್ತು, ವೈದ್ಯರೂ ಇದ್ದರು. ಔಷಧ ಇರಲಿಲ್ಲ. ಚೀಟಿ ಬರೆದು ಕೊಡುತ್ತಿದ್ದರು, ಹೊರಗೆ ತಗೊಳ್ಳಿ ಅಂತ. ಹೊರಗೆ ತಗೊಳ್ಳೋಕೆ ಕೈಯಲ್ಲಿ ಕಾಸಿಲ್ಲ. ನನ್ನ ತಂಗಿ ಹಾಗೇ ಹೋದಳು. ಹಾಗಾಗಿ ದುಡ್ಡು ಮೊದಲು ಅನ್ನುವ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಆದಾಯವೇ ಇಲ್ಲದ ಸರ್ಕಾರ ಔಷಧ ಎಲ್ಲಿಂದ ತರಬೇಕು? ಇದಕ್ಕೆ ಯಾರಾದರೂ ನೇರವಾಗಿ ಉತ್ತರ ಕೊಡಿ.

ಕೇಳಿ_ತಿಳಿ
ಭಾವ, ಇಷ್ಟು ವರ್ಷದಲ್ಲಿ ಇದನ್ನು ನೀವು ನನಗೆ ಹೇಳೇ ಇರಲಿಲ್ಲ.

ಇತಿಹಾಸ_ಪ್ರೇಮಿ
ಸರ್, ನಿಮ್ಮ ನೋವಿಗೆ ಏನು ಹೇಳಲಿ. ಪ್ರಶ್ನೆಗೆ ಮಾತ್ರ ಉತ್ತರ ಹೇಳೋಕೆ ಪ್ರಯತ್ನ ಪಡುತ್ತೇನೆ.

ಅಮರ್ತ್ಯ ಸೆನ್ ಒಂದು ಮಾತು ಹೇಳುತ್ತಾರೆ. ಪ್ರಾಥಮಿಕ ಆರೋಗ್ಯದ ಕೆಲಸದಲ್ಲಿ ಯಂತ್ರಕ್ಕಿಂತ ಜನರ ದುಡಿಮೆ ಜಾಸ್ತಿ. ನರ್ಸ್, ದಾದಿ, ಲಸಿಕೆ ಹಾಕುವವರು. ಬಡ ದೇಶದಲ್ಲಿ ಸಂಬಳ ಕಡಿಮೆ. ಹಾಗಾಗಿ ಅಲ್ಲಿ ಈ ಕೆಲಸಕ್ಕೆ ಆಗುವ ಖರ್ಚೂ ಕಡಿಮೆ. ಶ್ರೀಮಂತ ದೇಶದಷ್ಟು ದುಡ್ಡು ಬರಲಿ ಅಂತ ಕಾಯಬೇಕಾಗಿಲ್ಲ.

ಔಷಧದ ವಿಷಯಕ್ಕೆ ತಮಿಳುನಾಡು ನೋಡಿ. 1990ರ ದಶಕದ ನಡುವೆ ಔಷಧ ಖರೀದಿಗೆ ಅಂತಲೇ ಒಂದು ಸರ್ಕಾರಿ ನಿಗಮ ಮಾಡಿದರು. ಮೂಲ ಹೆಸರಿನ (ಜೆನೆರಿಕ್) ಔಷಧವನ್ನು ಒಟ್ಟಿಗೆ ದೊಡ್ಡ ಪ್ರಮಾಣದಲ್ಲಿ ಟೆಂಡರ್ ಕರೆದು ತಗೊಂಡರು. ಯಾವ ಗೋದಾಮಿನಲ್ಲಿ ಎಷ್ಟಿದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಇಟ್ಟರು. ಬೆಲೆ ಇಳಿಯಿತು, ಔಷಧ ಆಸ್ಪತ್ರೆಯಲ್ಲೇ ಸಿಗೋಕೆ ಶುರುವಾಯಿತು. ಬೇರೆ ರಾಜ್ಯಗಳೂ ಅದನ್ನು ನೋಡಿ ಕಲಿತವು.

ಥಾಯ್ಲೆಂಡ್ ಇನ್ನೂ ದೊಡ್ಡ ಉದಾಹರಣೆ. 1997ರಲ್ಲಿ ಅಲ್ಲಿನ ಆರ್ಥಿಕತೆ ನೆಲ ಕಚ್ಚಿತ್ತು. ಅದಾಗಿ ನಾಲ್ಕೈದು ವರ್ಷಕ್ಕೇ, 2001-02ರಲ್ಲಿ, ಎಲ್ಲರಿಗೂ ಚಿಕಿತ್ಸೆ ಕೊಡುತ್ತೇವೆ ಅಂತ ಯೋಜನೆ ತಂದರು. ಒಂದು ಸಲದ ಭೇಟಿಗೆ 30 ಬಾತ್ (ಬಾತ್ ಅಂದರೆ ಅಲ್ಲಿನ ಹಣ) ಕಟ್ಟಿದರೆ ಸಾಕಿತ್ತು. ಈಗ ನಮ್ಮ ಕೈಲಿ ಆಗುವುದಿಲ್ಲ ಅಂತ ಹೇಳಿದವರು ಆಗಲೂ ಇದ್ದರು. ಅದು ನಿಂತಿದ್ದು ಯಾಕೆಂದರೆ, ಅದಕ್ಕೂ ದಶಕಗಳ ಮೊದಲಿಂದ ಜಿಲ್ಲೆ ಜಿಲ್ಲೆಯ ಒಳಗೆ ಆಸ್ಪತ್ರೆ ಕಟ್ಟಿಕೊಂಡು ಬಂದಿದ್ದರು. ಹೊಸ ವೈದ್ಯರು ಹಳ್ಳಿಯಲ್ಲಿ ಕೆಲಸ ಮಾಡಲೇಬೇಕು ಅನ್ನುವ ನಿಯಮವೂ ಇತ್ತು.

ಆ_ಭಾವ
ಔಷಧ ಖರೀದಿ ನಿಗಮದ ಬಗ್ಗೆ ಓದುತ್ತೇನೆ. ಧನ್ಯವಾದ.

ನೀರು_ಇಂಜಿನಿಯರ್
ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ಬೆಳವಣಿಗೆಯೇ ಕಾಯಿಲೆ ತರುವುದೂ ಇದೆ. 2019ರಲ್ಲಿ ಭಾರತದಲ್ಲಿ ಸುಮಾರು 16.7 ಲಕ್ಷ ಸಾವಿಗೆ ವಾಯುಮಾಲಿನ್ಯ ಕಾರಣ, ಅದರಿಂದ ಆದ ನಷ್ಟ ಜಿಡಿಪಿಯ ಶೇ. 1.4 ಅಂತ ಒಂದು ಅಧ್ಯಯನ ಲೆಕ್ಕ ಹಾಕಿದೆ. ಮೇಲೆ ಹೇಳಿದ ಆರೋಗ್ಯ ಬಜೆಟ್ಟಿನ ಶೇ. 1.84ರ ಪಕ್ಕ ಇದನ್ನು ಇಟ್ಟು ನೋಡಿ.

ರಾತ್ರಿ_ಪಾಳಿ
ಸಕ್ಕರೆ ಕಾಯಿಲೆ ಸೇರಿಸಿ. ದೇಶದಲ್ಲಿ 10 ಕೋಟಿ ಜನಕ್ಕೆ ಇದೆ ಅಂತ 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ. ನನಗೂ ಇದೆ. ರಾತ್ರಿ ಕೆಲಸ, ಕೂತೇ ಇರುವುದು.

ಹಳೇ_ಸಿಸ್ಟರ್
ದುಡ್ಡು ಇಲ್ಲದೆಯೂ ಏನು ಮಾಡಬಹುದು ಅನ್ನುವುದಕ್ಕೆ ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ನಮ್ಮ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರು.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರಕ್ಕೆ ಬಂದಾಗ ಕಾಲರಾ ಹರಡಿತು. ಡ್ರಿಪ್ ಬಾಟಲಿ ಸಾಲಲಿಲ್ಲ. ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ಇಟ್ಟು, ರೋಗಿಯ ಕಡೆಯವರಿಂದಲೇ ಕುಡಿಸಿದರು. ನೂರಕ್ಕೆ 30 ಜನ ಸಾಯುತ್ತಿದ್ದ ಕಡೆ ಸಾವು 4ಕ್ಕಿಂತ ಕಡಿಮೆ ಆಯಿತು. ಆಮೇಲೆ ಬಾಂಗ್ಲಾದೇಶದಲ್ಲಿ ಬ್ರಾಕ್ ಅನ್ನುವ ಸ್ವಯಂಸೇವಾ ಸಂಸ್ಥೆಯವರು 1980ರಿಂದ ಹತ್ತು ವರ್ಷ ಮನೆ ಮನೆಗೆ ಹೋಗಿ ಒಂದು ಕೋಟಿಗೂ ಹೆಚ್ಚು ತಾಯಂದಿರಿಗೆ ಇದನ್ನು ಮಾಡೋಕೆ ಕಲಿಸಿದರು. ಕಲಿಸಿದವರಿಗೆ ದುಡ್ಡು ಹೇಗೆ ಕೊಡುತ್ತಿದ್ದರು ಗೊತ್ತಾ? ಸ್ವಲ್ಪ ದಿನ ಬಿಟ್ಟು ಬೇರೆಯವರು ಹೋಗಿ ತಾಯಿಗೆ ಎಷ್ಟು ನೆನಪಿದೆ ಅಂತ ಕೇಳುತ್ತಿದ್ದರು. ಅದರ ಮೇಲೆ ಕೂಲಿ.

ಎರಡು_ಮಕ್ಕಳ_ತಾಯಿ
ಸಿಸ್ಟರ್, ನಾನು ಸುಮ್ನೆ ಓದುತ್ತಿದ್ದವಳು. ಭೇದಿ ಆದಾಗ ನೀರಿಗೆ ಬೆರೆಸಿ ಕೊಡುವ ಓಆರ್‌ಎಸ್ ಪ್ಯಾಕೆಟ್ ಕೈಗೆ ಸಿಗದಿದ್ದರೆ ಮನೆಯಲ್ಲಿ ಎಷ್ಟು ಉಪ್ಪು, ಎಷ್ಟು ಸಕ್ಕರೆ ಹಾಕಬೇಕು? ನಾನು ಯಾವಾಗಲೂ ಅಂದಾಜಿನ ಮೇಲೆ ಹಾಕುತ್ತೇನೆ.

ಹಳೇ_ಸಿಸ್ಟರ್
ಅಂದಾಜು ಬೇಡಮ್ಮ. ಕುದಿಸಿ ಆರಿಸಿದ ನೀರು ಒಂದು ಲೀಟರ್. ಅದಕ್ಕೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಪ್ಯಾಕೆಟ್ ಸಿಕ್ಕರೆ ಅದನ್ನೇ ಕೊಡಿ, ಅದೇ ಒಳ್ಳೇದು. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ಒಂದು ದಿನ ಆದ ಮೇಲೆ ಉಳಿದ ನೀರು ಚೆಲ್ಲಿ ಹೊಸದು ಮಾಡಿ. ಸತುವಿನ ಮಾತ್ರೆ ಬಗ್ಗೆ ಆಶಾ ಅವರನ್ನು ಕೇಳಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಏನನ್ನೂ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಕೂಡಲೇ ಆಸ್ಪತ್ರೆಗೆ.

ಮನೆಮನೆ_ಭೇಟಿ
ಸತುವಿನ ಮಾತ್ರೆ ನಮ್ಮ ಹತ್ತಿರ ಇರುತ್ತದೆ ಅಕ್ಕ, ದುಡ್ಡು ಕೊಡಬೇಕಾಗಿಲ್ಲ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡು ತಿಂಗಳಿಂದ ಆರು ತಿಂಗಳವರೆಗಿನ ಮಗುವಿಗೆ ಅರ್ಧ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ನಡುವೆ ಬಿಡಬೇಡಿ.